ನಕ್ಷೆ ಬರೆಯುವ ಮೊದಲು ಊರನ್ನು ಕೇಳಿ

ಛತ್ತೀಸಗಢದ ದಲ್ಲಿ ರಾಜಹರಾ ಕಬ್ಬಿಣದ ಅದಿರಿನ ಊರು. ಭಿಲಾಯಿ ಉಕ್ಕಿನ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಅಲ್ಲಿಂದ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಗಣಿಗಳಲ್ಲಿ ಸಾವಿರಾರು ಗುತ್ತಿಗೆ ಕಾರ್ಮಿಕರು, ಗಂಡಸರು ಹೆಂಗಸರು ಎನ್ನದೆ, ಕೈಯಲ್ಲೇ ಕಲ್ಲು ಒಡೆದು ಲಾರಿಗೆ ತುಂಬುತ್ತಿದ್ದರು. 1977ರಲ್ಲಿ ಅವರು ತಮ್ಮದೇ ಸಂಘ ಕಟ್ಟಿಕೊಂಡರು. ಹೆಸರು ಛತ್ತೀಸಗಢ ಮೈನ್ಸ್ ಶ್ರಮಿಕ್ ಸಂಘ, ಮುಂದಾಳು ಶಂಕರ್ ಗುಹಾ ನಿಯೋಗಿ. ಅದೇ ವರ್ಷ ಜೂನ್ 2 ಮತ್ತು 3ರಂದು ನಡೆದ ಗೋಲಿಬಾರಿನಲ್ಲಿ 11 ಮಂದಿ ಸತ್ತರು. ಕೆಲಕಾಲದ ಮೇಲೆ ಸಂಘದ ಉಪಾಧ್ಯಕ್ಷೆ ಕುಸುಮ್ ಬಾಯಿ ಹೆರಿಗೆಯಲ್ಲಿ, ಸರಿಯಾದ ಚಿಕಿತ್ಸೆ ಸಿಗದೆ, ತೀರಿಕೊಂಡರು. ಹೋರಾಟದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ ಹೆಣ್ಣುಮಗಳೇ ಹೀಗೆ ಹೋದ ಮೇಲೆ, ನಮ್ಮದೇ ಒಂದು ಹೆರಿಗೆ ಆಸ್ಪತ್ರೆ ಬೇಕು ಎಂಬ ಮಾತು ಕಾರ್ಮಿಕರ ನಡುವೆ ಹುಟ್ಟಿತು.

ಹಾಗೆಂದು ಅವರು ಕೂಡಲೇ ಗುದ್ದಲಿ ಪೂಜೆಗೆ ಹೊರಡಲಿಲ್ಲ. ಮೊದಲು ಸಂಘ ಕೈಗೆತ್ತಿಕೊಂಡದ್ದು ಸಾರಾಯಿ ಬಿಡಿಸುವ ಚಳವಳಿ. ಕೂಲಿ ಹೆಚ್ಚಿದಂತೆ ಆ ಹಣವೆಲ್ಲ ಸಾರಾಯಿ ಅಂಗಡಿಗೆ ಹೋಗುತ್ತಿರುವುದು ಮನೆಯ ಹೆಂಗಸರಿಗೆ ಗೊತ್ತಿತ್ತು. 1981ರಲ್ಲಿ ಬಿನಾಯಕ್ ಸೇನ್, ಆಶಿಶ್ ಕುಂಡು ಮೊದಲಾದ ತರುಣ ವೈದ್ಯರು ಬಂದು ಸೇರಿಕೊಂಡರು. 1982ರ ಜನವರಿ 26ರಂದು ಒಂದು ಸಣ್ಣ ಔಷಧಾಲಯ ಆರಂಭವಾಯಿತು. ಹಗಲು ಗಣಿಯಲ್ಲಿ ದುಡಿದವರೇ ಸಂಜೆ ಅಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ ಮಾತ್ರೆ ಲೆಕ್ಕ ಹಾಕುವುದನ್ನೂ ಕಲಿತರು. ಅಷ್ಟು ಹೊತ್ತಿಗೆ ಯಾವ ಕಾಯಿಲೆ ಹೆಚ್ಚು, ಯಾರು ಬರುತ್ತಾರೆ, ಯಾರು ಬಾಗಿಲ ತನಕ ಬಂದು ಹಿಂದಿರುಗುತ್ತಾರೆ ಎಂಬುದೆಲ್ಲ ಕಣ್ಣಿಗೆ ಬಿದ್ದಿತ್ತು. ಆಮೇಲೆ ಆಸ್ಪತ್ರೆ ಕಟ್ಟಿದರು. ಕಾರ್ಮಿಕರು ತಮ್ಮ ಭತ್ಯೆಯ ಹಣ ಕೊಟ್ಟರು, ರಜೆಯ ದಿನ ಬಂದು ಕಲ್ಲು ಮಣ್ಣು ಹೊತ್ತರು. 1983ರ ಜೂನ್ 3ರಂದು, ಗೋಲಿಬಾರಿನಲ್ಲಿ ಸತ್ತವರ ನೆನಪಿನ ದಿನ, 15 ಹಾಸಿಗೆಯ ಶಹೀದ್ ಆಸ್ಪತ್ರೆ ಬಾಗಿಲು ತೆರೆಯಿತು. ಮುಂದೆ ಅದು 100 ಹಾಸಿಗೆಯನ್ನೂ ದಾಟಿ ಬೆಳೆಯಿತು. ಗಣಿಯವರಿಗೆ ಮಾತ್ರವಲ್ಲದೆ ಸುತ್ತಲ ಹಳ್ಳಿಗಳ ರೈತರಿಗೆ, ಆದಿವಾಸಿಗಳಿಗೆ ದಿಕ್ಕಾಯಿತು. 1991ರಲ್ಲಿ ನಿಯೋಗಿ ಕೊಲೆಯಾದ ಮೇಲೂ ಅದು ಮುಚ್ಚಲಿಲ್ಲ.

ನಮ್ಮಲ್ಲಿ ಆಸ್ಪತ್ರೆ ಹುಟ್ಟುವ ಕ್ರಮ ಇದಕ್ಕೆ ತಿರುವುಮುರುವು. ಮೊದಲು ಘೋಷಣೆ, ಬಳಿಕ ಜಾಗ, ಬಳಿಕ ಟೆಂಡರು, ಶಂಕುಸ್ಥಾಪನೆ, ಉದ್ಘಾಟನೆ. ಜನ ಕಾಣಿಸಿಕೊಳ್ಳುವುದು ಕೊನೆಯ ಎರಡು ಸಮಾರಂಭಗಳಲ್ಲಿ, ಶಾಮಿಯಾನದ ಕೆಳಗೆ. ಅವರ ಅಭಿಪ್ರಾಯ ಕೇಳಿದರೂ ಕೇಳುವುದು ಒಂದೇ ಪ್ರಶ್ನೆ: ನಿಮಗೆ ಆಸ್ಪತ್ರೆ ಬೇಕೇ? ಬೇಡ ಎನ್ನುವವರು ಯಾರು? ಕೇಳಬೇಕಾದ ಪ್ರಶ್ನೆ ಬೇರೆ. ಕಳೆದ ಕೆಲವು ವರ್ಷಗಳಲ್ಲಿ ಈ ಊರಿಂದ ಹೊರಟು ಆಸ್ಪತ್ರೆ ಮುಟ್ಟದೆ ಸತ್ತವರು ಯಾರು, ಎಷ್ಟು ಹೊತ್ತಿಗೆ ಹೊರಟರು, ದಾರಿಯಲ್ಲಿ ತಡವಾದದ್ದು ಎಲ್ಲಿ, ಮುಟ್ಟಿದ ಮೇಲೂ ಉಳಿಯಲಿಲ್ಲವೆಂದರೆ ಅಲ್ಲಿ ಏನು ಇರಲಿಲ್ಲ? ಈ ಪ್ರಶ್ನೆಗಳಿಗೆ ಉತ್ತರ ಜಿಲ್ಲಾ ಕೇಂದ್ರದ ಕಡತದಲ್ಲಿ ಅರ್ಧ ಇರುತ್ತದೆ. ಇನ್ನರ್ಧ ಊರಿನವರ ಬಳಿ ಇರುತ್ತದೆ.

ಸರ್ಕಾರದ ಮಾನದಂಡ ಜನರ ತಲೆ ಎಣಿಸುತ್ತದೆ. ಬಯಲಿನಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಬಯಲಿನಲ್ಲಿ 1,20,000, ಗುಡ್ಡಗಾಡಿನಲ್ಲಿ 80,000 ಜನಕ್ಕೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡಿಗೆ ಒಂದಿಷ್ಟು ರಿಯಾಯಿತಿ ಇಟ್ಟಿರುವುದು ಒಳ್ಳೆಯದೇ. ಆದರೆ ನಡುವೆ ಹರಿಯುವ ಹೊಳೆ ಈ ಲೆಕ್ಕದಲ್ಲಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರು ಸಾಗರಕ್ಕೆ ಬರಲು ಲಾಂಚ್ ಹತ್ತಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾಡಿನ ಸುತ್ತುದಾರಿಯೇ ಗತಿ. ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡುವವರಿಗೆ ಸಾಗರ ಹತ್ತಿರ. ರಾತ್ರಿ ಎಂಟು ಗಂಟೆಗೆ ಅದೇ ಸಾಗರ ಎಷ್ಟು ದೂರ ಎಂಬುದನ್ನು ದಡದಲ್ಲಿ ಕೂತು ಬೆಳಗು ಕಾದವರೇ ಹೇಳಬೇಕು.

ಉತ್ತರ ಕನ್ನಡದ ನೋವೂ ಇದೇ ಜಾತಿಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಆ ದೃಶ್ಯವನ್ನು ಇಡೀ ನಾಡು ಮೊಬೈಲಿನಲ್ಲಿ ನೋಡಿತು. ಜಿಲ್ಲೆಯ ಜನ ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದು ಸಿಟ್ಟಿನಿಂದ ಅಭಿಯಾನ ಹೂಡಿದರು. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ದಿಕ್ಕಿಗೊಂದು ರಸ್ತೆ ಹಿಡಿದು ಅಲೆದವರ ಸಿಟ್ಟು ಅದು; ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಮಾತು ಬಂದೊಡನೆ ಅದು ಯಾವ ತಾಲ್ಲೂಕಿಗೆ ಎಂಬ ಚರ್ಚೆಯೂ ಎದ್ದಿತು. ಈ ಚರ್ಚೆಯನ್ನು ಊರುಗಳ ಪ್ರತಿಷ್ಠೆಗೆ ಬಿಡಬೇಕಿಲ್ಲ. 2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಸೇವೆಯಲ್ಲಿ ಕರೆ ಬಂದ ಹೊತ್ತು, ವಾಹನ ತಲುಪಿದ ಹೊತ್ತು, ಆಸ್ಪತ್ರೆ ಮುಟ್ಟಿದ ಹೊತ್ತು ದಾಖಲಾಗುತ್ತವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಯಾವ ರೋಗಿಯನ್ನು ಯಾವ ಕಾರಣಕ್ಕೆ ಮೇಲಿನ ಆಸ್ಪತ್ರೆಗೆ ಕಳಿಸಿದರು ಎಂಬುದನ್ನು ಬರೆದಿಡುತ್ತಾರೆ. ಈ ಎರಡನ್ನೂ ಎದುರಿಗಿಟ್ಟುಕೊಂಡು ಆಂಬುಲೆನ್ಸ್ ಚಾಲಕರನ್ನೂ ಆಶಾ ಕಾರ್ಯಕರ್ತೆಯರನ್ನೂ ಒಂದು ದಿನ ಕೂರಿಸಿ ಕೇಳಿದರೆ, ಎಲ್ಲಿ ಕಟ್ಟಬೇಕು ಎಂಬುದಕ್ಕೆ ಜನರೇ ಒಪ್ಪುವ ಉತ್ತರ ಸಿಗುತ್ತದೆ. ಒಂದು ದೊಡ್ಡ ಕಟ್ಟಡಕ್ಕಿಂತ ಘಟ್ಟದ ಮೇಲೊಂದು, ಕೆಳಗೊಂದು ಅಪಘಾತ ಚಿಕಿತ್ಸಾ ಘಟಕವೇ ಹೆಚ್ಚು ಜೀವ ಉಳಿಸುತ್ತದೆ ಎಂಬ ಉತ್ತರವೂ ಬರಬಹುದು. ಬಂದರೆ ಅದನ್ನು ಒಪ್ಪುವ ಧೈರ್ಯ ಬೇಕು.

ಜಾಗ ಗೊತ್ತಾದ ಮೇಲೆ ಕಟ್ಟಡ. ಇಲ್ಲಿ ರುವಾಂಡಾ ದೇಶದ ಬುಟಾರೊ ಆಸ್ಪತ್ರೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬುಟಾರೊ ಇರುವುದು ಉಗಾಂಡಾ ಗಡಿಯ ಬುರೇರಾ ಜಿಲ್ಲೆಯಲ್ಲಿ. ಮೂರು ಲಕ್ಷಕ್ಕೂ ಹೆಚ್ಚು ಜನರಿದ್ದ ಆ ಜಿಲ್ಲೆಗೆ ಸರಿಯಾದ ಜಿಲ್ಲಾ ಆಸ್ಪತ್ರೆಯೇ ಇರಲಿಲ್ಲ. ರುವಾಂಡಾದ ಆರೋಗ್ಯ ಸಚಿವಾಲಯ ಮತ್ತು ಡಾ. ಪಾಲ್ ಫಾರ್ಮರ್ ಅವರ ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆ ಸೇರಿ ಅಲ್ಲಿ ಆಸ್ಪತ್ರೆ ಕಟ್ಟಲು ಹೊರಟವು. ವಿನ್ಯಾಸ ಮಾಸ್ ಡಿಸೈನ್ ಗ್ರೂಪ್ ಎಂಬ ತಂಡದ್ದು. ಆ ತಂಡವನ್ನು ಕಟ್ಟಿದ ಮೈಕಲ್ ಮರ್ಫಿ ಮತ್ತು ಅಲನ್ ರಿಕ್ಸ್ ಆಗಿನ್ನೂ ಹಾರ್ವರ್ಡಿನಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳು. ಮರ್ಫಿ ದೂರದಲ್ಲಿ ಕೂತು ನಕ್ಷೆ ಕಳಿಸಲಿಲ್ಲ, ರುವಾಂಡಾಕ್ಕೇ ಹೋಗಿ ನೆಲೆಸಿದರು.

ಅವರ ಎದುರಿಗಿದ್ದ ದೊಡ್ಡ ಭಯ ಗಾಳಿಯಲ್ಲಿ ಹರಡುವ ಕ್ಷಯ. ದಕ್ಷಿಣ ಆಫ್ರಿಕಾದ ತುಗೆಲಾ ಫೆರಿಯಲ್ಲಿ ಹೆಚ್ಚಿನ ಔಷಧಗಳಿಗೆ ಬಗ್ಗದ ಕ್ಷಯ ಕಾಣಿಸಿಕೊಂಡು, ಗುರುತಿಸಿದ 53 ರೋಗಿಗಳಲ್ಲಿ 52 ಮಂದಿ ಸತ್ತಿದ್ದರು. 2006ರಲ್ಲಿ ಪ್ರಕಟವಾದ ಆ ವರದಿ ವೈದ್ಯಲೋಕವನ್ನೇ ನಡುಗಿಸಿತ್ತು. ಹಲವರಿಗೆ ಸೋಂಕು ತಗುಲಿದ್ದು ಆಸ್ಪತ್ರೆಯೊಳಗೇ ಎಂಬ ಅನುಮಾನ ಬಲವಾಗಿತ್ತು. ಗಾಳಿ ಆಡದ ನಡುಹಾದಿ, ಅದರ ಎರಡೂ ಬದಿ ಕಾದು ಕೂತ ಜನ, ಒಬ್ಬರ ಕೆಮ್ಮು ಇನ್ನೊಬ್ಬರ ಉಸಿರು. ಆದ್ದರಿಂದ ಬುಟಾರೊದಲ್ಲಿ ಒಳಗಿನ ನಡುಹಾದಿಯನ್ನೇ ತೆಗೆದುಹಾಕಿದರು. ಓಡಾಟವೂ ಕಾಯುವುದೂ ಹೊರಗಿನ ತೆರೆದ ಪಡಸಾಲೆಯಲ್ಲಿ, ನಮ್ಮ ಹಳೆಯ ಮನೆಗಳಲ್ಲಿ ಬಂದವರು ಜಗುಲಿಯಲ್ಲಿ ಕೂರುವ ಹಾಗೆ. ವಾರ್ಡುಗಳಿಗೆ ಎತ್ತರದ ಸೂರು, ಎದುರುಬದುರು ಕಿಟಕಿ. ಸೂರಿನಲ್ಲಿ ನಿಧಾನವಾಗಿ ತಿರುಗುವ ಭಾರಿ ಫ್ಯಾನು ಗಾಳಿಯನ್ನು ಮೇಲೆ ಎತ್ತುತ್ತದೆ. ಅಲ್ಲಿರುವ ಅತಿನೇರಳೆ ಕಿರಣದ ದೀಪಗಳು ರೋಗಾಣುಗಳನ್ನು ಕೊಲ್ಲುತ್ತವೆ. ಹಾಸಿಗೆಗಳನ್ನು ಗೋಡೆಗೆ ಒರಗಿಸದೆ ವಾರ್ಡಿನ ನಡುವೆ ಒಂದು ಗಿಡ್ಡ ಗೋಡೆ ಎಬ್ಬಿಸಿ ಅದಕ್ಕೆ ತಲೆಯಿಟ್ಟು ಹಾಕಿದರು. ಪ್ರತಿ ರೋಗಿಯ ಕಣ್ಣೆದುರಿಗೂ ಕಿಟಕಿ ಇದೆ, ಆಚೆ ಗುಡ್ಡಗಳಿವೆ.

ಇದೆಲ್ಲ ಪರಿಣತರ ಜ್ಞಾನ. ಗೋಡೆ ಊರಿನವರ ಜ್ಞಾನ. ಆ ಸೀಮೆ ಜ್ವಾಲಾಮುಖಿ ಬೆಟ್ಟಗಳದ್ದು. ಹೊಲ ಅಗೆದಲ್ಲೆಲ್ಲ ಕಪ್ಪು ತೂತುಗಲ್ಲು ಸಿಕ್ಕಿ ರೈತರಿಗೆ ಅದೊಂದು ಕಾಟ. ತಳಪಾಯಕ್ಕೋ ಬೇಲಿಗೋ ಬಳಸಿ ಸುಮ್ಮನಾಗುತ್ತಿದ್ದರು. ಅದೇ ಕಲ್ಲನ್ನು ಊರಿನ ಕಲ್ಲುಕುಟಿಗರು ಒಂದಕ್ಕೊಂದು ಬೆಸೆಯುವಂತೆ ಕೆತ್ತಿ, ಸಂದಿಯಲ್ಲಿ ಗಾರೆ ಕಾಣದ ಹಾಗೆ ಕೂರಿಸಿದರು. ಮೊದಲ ಗೋಡೆಗಿಂತ ಕೊನೆಯ ಗೋಡೆ ಹೆಚ್ಚು ನಯವಾಯಿತು, ಏಕೆಂದರೆ ಕೈ ಪಳಗುತ್ತಾ ಹೋಯಿತು. ಯಂತ್ರ ತರಿಸುವ ಬದಲು ಕೈಯಿಂದ ಅಗೆಸಿ, ಸರದಿಯ ಮೇಲೆ ಕೆಲಸ ಕೊಟ್ಟಿದ್ದರಿಂದ ನಾಲ್ಕು ಸಾವಿರದಷ್ಟು ಜನ ಆ ಕಟ್ಟಡದಲ್ಲಿ ಕೂಲಿ ಕಂಡರು. ಹೆಣ್ಣುಮಕ್ಕಳೂ ಗಾರೆ ಕೆಲಸ ಕಲಿತು ಮುಂದೆ ಅದರಲ್ಲೇ ಬದುಕು ಕಂಡುಕೊಂಡರು. 2011ರಲ್ಲಿ ಆಸ್ಪತ್ರೆ ಆರಂಭವಾಯಿತು. ಮರುವರ್ಷ ಅಲ್ಲೇ ಕ್ಯಾನ್ಸರ್ ಚಿಕಿತ್ಸೆಯ ಕೇಂದ್ರವೂ ಬಂತು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ದುರಸ್ತಿಯ ಪ್ರಶ್ನೆ. ಗೋಡೆ ಬಿರಿದರೆ ಕಟ್ಟಿದವನು ಊರಲ್ಲೇ ಇದ್ದಾನೆ. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಸೋರುವ ಸೂರಿಗೆ, ಒಡೆದ ನಲ್ಲಿಗೆ ಮೇಲಿನ ಮಂಜೂರಾತಿ ಬರುವ ಹೊತ್ತಿಗೆ ಇನ್ನೊಂದು ಮಳೆಗಾಲ ಕಳೆದಿರುತ್ತದೆ.

ಬಾಂಗ್ಲಾದೇಶದ ಸಾತ್‌ಖೀರಾ ಜಿಲ್ಲೆಯ ಶ್ಯಾಮನಗರದ ಫ್ರೆಂಡ್‌ಶಿಪ್ ಆಸ್ಪತ್ರೆಯದು ಇನ್ನೊಂದು ಬಗೆಯ ಜಾಣತನ. ಸುಂದರಬನದ ಅಂಚಿನ ಆ ಊರಲ್ಲಿ ನೆಲದ ನೀರು ಉಪ್ಪು. ಹೀಗಾಗಿ ವಾಸ್ತುಶಿಲ್ಪಿ ಕಾಶೆಫ್ ಚೌಧರಿ ಆಸ್ಪತ್ರೆಯ ನಡುವೆಯೇ ಒಂದು ಕಾಲುವೆ ತೆಗೆದರು. ಮಳೆ ನೀರೆಲ್ಲ ಅದರಲ್ಲಿ ಸೇರುತ್ತದೆ, ಸುತ್ತಲ ಅಂಗಳ ತಂಪಾಗಿರುತ್ತದೆ, ಹೊರರೋಗಿ ವಿಭಾಗಕ್ಕೂ ಒಳರೋಗಿ ವಿಭಾಗಕ್ಕೂ ನಡುವೆ ಬೇಲಿಯಿಲ್ಲದ ಗಡಿಯೂ ಆಗುತ್ತದೆ. 80 ಹಾಸಿಗೆಯ ಈ ಇಟ್ಟಿಗೆ ಕಟ್ಟಡಕ್ಕೆ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆಯಾದ ರೀಬಾದ 2021ರ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು.

ಆಗುಂಬೆಯ ಮಳೆಗೂ ರಾಯಚೂರಿನ ಬಿಸಿಲಿಗೂ ಒಂದೇ ಮಾದರಿ ನಕ್ಷೆ ಹೇಗೆ ಹೊಂದೀತು? ಮಲೆನಾಡಿನ ಆಸ್ಪತ್ರೆಗೆ ಇಳಿಜಾರು ಸೂರು, ಒದ್ದೆ ಬಟ್ಟೆ ಒಣಗಿಸುವ ಜಾಗ, ಕೊಡೆ ಮಡಿಸಿ ನಿಲ್ಲಲು ಅಗಲವಾದ ಪಡಸಾಲೆ ಬೇಕು. ಬಿಸಿಲುಸೀಮೆಗೆ ದಪ್ಪ ಗೋಡೆ, ನೆರಳು, ಕುಡಿಯುವ ನೀರು. ಇದಕ್ಕಿಂತ ಸೂಕ್ಷ್ಮವಾದ ಸಂಗತಿಗಳೂ ಇವೆ, ಅವನ್ನು ಹೆಂಗಸರನ್ನು ಕೇಳಿದರೆ ಮಾತ್ರ ತಿಳಿಯುತ್ತದೆ. ಬಾಣಂತಿಗೆ ತಣ್ಣೀರು ಮುಟ್ಟಿಸಬಾರದು, ಗಾಳಿಗೆ ಕೂರಿಸಬಾರದು ಎಂಬುದು ನಮ್ಮ ಮನೆಗಳ ನಡವಳಿಕೆ. ಹೆರಿಗೆ ವಾರ್ಡಿನ ಬಚ್ಚಲಲ್ಲಿ ಬಿಸಿನೀರಿಲ್ಲದಿದ್ದರೆ ತಾಯಿ ಇಪ್ಪತ್ತನಾಲ್ಕು ಗಂಟೆ ತುಂಬುವ ಮೊದಲೇ ಮನೆಗೆ ಹೋಗುತ್ತೇನೆ ಎನ್ನುತ್ತಾಳೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ಗಮನಿಸಬೇಕಾದ ಹೊತ್ತೇ ಅದು. ಬಚ್ಚಲಿನ ಒಂದು ಬಿಸಿನೀರಿನ ನಲ್ಲಿಗೂ ತಾಯಂದಿರ ಸಾವಿಗೂ ಇರುವ ಈ ಸಂಬಂಧ ಯಾವ ಮಾದರಿ ನಕ್ಷೆಯಲ್ಲಿ ಸಿಗುತ್ತದೆ?

ರೋಗಿಯ ಜೊತೆ ಬರುವವರ ವಿಷಯವೂ ಹಾಗೆಯೇ. ನಮ್ಮಲ್ಲಿ ಯಾರೂ ಒಬ್ಬರೇ ಆಸ್ಪತ್ರೆಗೆ ಬರುವುದಿಲ್ಲ. ಅವ್ವ, ಅತ್ತೆ, ಒಂದು ಸಣ್ಣ ಮಗು, ಓಡಾಡಲು ಒಬ್ಬ ತಮ್ಮ. ಅವರು ಮಲಗುವುದು ಮೆಟ್ಟಿಲ ಮೇಲೆ, ಊಟ ಮಾಡುವುದು ಮರದ ಕೆಳಗೆ, ಬೈಸಿಕೊಳ್ಳುವುದು ಸೆಕ್ಯೂರಿಟಿಯವನಿಂದ. ಅವರಿಗೆ ಒಂದು ಚಾವಡಿ, ಗಂಜಿ ಕಾಯಿಸಲು ಒಲೆ, ಶೌಚಾಲಯ, ಬಟ್ಟೆ ಒಗೆಯಲು ಕಲ್ಲು ಮೊದಲ ನಕ್ಷೆಯಲ್ಲೇ ಇರಬೇಕು. ರೋಗಿ ಮೂರು ದಿನ ನಿಲ್ಲುತ್ತಾನೋ ಅರ್ಧಕ್ಕೆ ಎದ್ದು ಹೋಗುತ್ತಾನೋ ಎಂಬುದನ್ನು ಹೆಚ್ಚಿನ ಸಲ ತೀರ್ಮಾನಿಸುವವರು ಅವರೇ.

ಕೇಳುವುದು ಎಂದರೆ ಬೆಳಿಗ್ಗೆ ಹನ್ನೊಂದಕ್ಕೆ ಗ್ರಾಮಸಭೆ ಕರೆದು ಸಹಿ ಹಾಕಿಸಿಕೊಳ್ಳುವುದಲ್ಲ. ಆ ಹೊತ್ತಿಗೆ ಕೂಲಿಯವರು ಹೊಲದಲ್ಲಿರುತ್ತಾರೆ. ಗಂಡಸರ ಎದುರು ಹೆಂಗಸರು ಹೆರಿಗೆಯ ಮಾತು ಆಡುವುದಿಲ್ಲ. ಕೇರಿಯವರು ಸಭೆಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂತು ಎದ್ದು ಹೋಗುತ್ತಾರೆ. ಅವರಿರುವಲ್ಲಿಗೆ, ಅವರಿಗೆ ಬಿಡುವಿರುವ ಹೊತ್ತಿಗೆ ಹೋಗಬೇಕು. ಇದಕ್ಕೆ ನಮ್ಮಲ್ಲೇ ಒಳ್ಳೆಯ ಪದ್ಧತಿ ಇದೆ. 1989ರ ಸುಮಾರಿಗೆ ಬೆಂಗಳೂರಿನ ಮೈರಾಡ ಸಂಸ್ಥೆಯವರು ಹಳ್ಳಿಯವರ ಕೈಯಲ್ಲೇ ಊರಿನ ನಕ್ಷೆ ಬರೆಸುವ ಕ್ರಮವನ್ನು ಆರಂಭಿಸಿದರು. ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಕಾಳು. ಕೆರೆ ಎಲ್ಲಿ, ಬಡವರ ಮನೆ ಎಲ್ಲಿ, ದಾರಿ ಯಾವ ತಿಂಗಳು ಕಟ್ಟಿಹೋಗುತ್ತದೆ ಎಂಬುದೆಲ್ಲ ಜನರ ಬೆರಳಿಂದಲೇ ಮೂಡುತ್ತಿತ್ತು. ಇಂಥ ಸಹಭಾಗಿತ್ವದ ಪದ್ಧತಿಯನ್ನು ಆಮೇಲೆ ಜಗತ್ತಿನ ಅನೇಕ ದೇಶಗಳು ಬಳಸಿದವು. ಆಸ್ಪತ್ರೆಗೂ ಅದನ್ನೇ ಮಾಡಬಹುದು. ಎಂಜಿನಿಯರ್‌ನ ಕಾಗದ ಎಲ್ಲರಿಗೂ ಅರ್ಥವಾಗುವುದಿಲ್ಲ. ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಹೆರಿಗೆ ಕೋಣೆಯನ್ನು ನಿಜವಾದ ಅಳತೆಗೇ ಬರೆದರೆ ಅರ್ಥವಾಗುತ್ತದೆ. ಸ್ಟ್ರೆಚರ್ ತಂದು ತಿರುಗಿಸಿ ನೋಡಲಿ. ಆಂಬುಲೆನ್ಸಿನಿಂದ ಶಸ್ತ್ರಚಿಕಿತ್ಸೆ ಕೋಣೆಗೆ ಎಷ್ಟು ತಿರುವು ಎಂದು ನರ್ಸುಗಳು ನಡೆದು ನೋಡಲಿ. ತಪ್ಪಿದ್ದರೆ ಸುಣ್ಣ ಅಳಿಸಿ ಮತ್ತೆ ಬರೆಯುವುದಕ್ಕೆ ಖರ್ಚೇನೂ ಇಲ್ಲ.

ಎಲ್ಲವನ್ನೂ ಜನರನ್ನೇ ಕೇಳಬೇಕೆಂದು ನಾನು ಹೇಳುತ್ತಿಲ್ಲ. ಎಕ್ಸ್‌ರೇ ಕೋಣೆಯ ಗೋಡೆ ಎಷ್ಟು ದಪ್ಪ, ಆಮ್ಲಜನಕದ ಕೊಳವೆ ಎಲ್ಲಿ ಹಾಯಬೇಕು, ಶುದ್ಧ ಉಪಕರಣವೂ ಕೊಳೆಯಾದದ್ದೂ ಎದುರಾಗದಂತೆ ದಾರಿ ಹೇಗಿರಬೇಕು, ಇವು ಬಲ್ಲವರು ತೀರ್ಮಾನಿಸಬೇಕಾದವು. ಜನ ಕೇಳುವುದೆಲ್ಲ ಸರಿಯೆಂದೂ ಅಲ್ಲ. ಎಲ್ಲ ಊರೂ ಸಿಟಿ ಸ್ಕ್ಯಾನ್ ಬೇಕೆನ್ನುತ್ತದೆ. ಜ್ವರಕ್ಕೆಲ್ಲ ಗ್ಲೂಕೋಸ್ ಬಾಟಲಿ ಏರಿಸದಿದ್ದರೆ ಅದು ಆಸ್ಪತ್ರೆಯೇ ಅಲ್ಲ ಎನ್ನುವವರೂ ಇದ್ದಾರೆ. ದಲ್ಲಿ ರಾಜಹರಾದಲ್ಲೂ ಇದ್ದರು. ಅಲ್ಲಿನ ವೈದ್ಯರು ಬೇಡದ ಇಂಜೆಕ್ಷನ್, ಬೇಡದ ಟಾನಿಕ್ ಕೊಡಲು ಒಪ್ಪಲಿಲ್ಲ. ಬದಲಿಗೆ ವಾಂತಿಭೇದಿಗೆ ಮನೆಯಲ್ಲೇ ಉಪ್ಪು ಸಿಹಿ ಬೆರೆಸಿದ ನೀರು ಕೊಡುವುದನ್ನು ಕಲಿಸಿದರು. ಆ ಮಾತನ್ನು ಜನ ಒಪ್ಪಿದ್ದು ಹೇಳಿದವರು ಹೊರಗಿನವರಲ್ಲ ಎಂಬ ನಂಬಿಕೆಯಿಂದ. ತಮ್ಮ ದುಡ್ಡಿನಲ್ಲಿ, ತಮ್ಮ ಬೆವರಿನಲ್ಲಿ ಎದ್ದ ಆಸ್ಪತ್ರೆಯ ಡಾಕ್ಟರು ಬೇಡ ಎಂದರೆ ಅದರಲ್ಲಿ ಮೋಸ ಇರಲಾರದು ಎಂದು ಅವರು ತಿಳಿದಿದ್ದರು.

ಕಟ್ಟುವುದಕ್ಕಿಂತ ನಡೆಸುವುದು ಕಷ್ಟ ಎಂಬುದನ್ನೂ ಮೊದಲೇ ಬಿಚ್ಚಿ ಹೇಳಬೇಕು. ಹೆರಿಗೆಯ ತುರ್ತು ನೋಡಿಕೊಳ್ಳುವ ಆಸ್ಪತ್ರೆ ಎನಿಸಿಕೊಳ್ಳಲು ಮೂರು ಅಗತ್ಯಗಳಿವೆ: ಹಗಲು ರಾತ್ರಿ ಸಿಸೇರಿಯನ್ ಮಾಡುವ ಶಕ್ತಿ, ನವಜಾತ ಶಿಶುವಿನ ಆರೈಕೆ, ರಕ್ತದ ಸಂಗ್ರಹ. ಇದರಲ್ಲಿ ಅರಿವಳಿಕೆ ವೈದ್ಯರೊಬ್ಬರು ಇಲ್ಲದಿದ್ದರೂ ಸಾಕು, ಹೊಳೆಯುವ ಶಸ್ತ್ರಚಿಕಿತ್ಸೆ ಕೋಣೆಗೆ ಬೀಗ ಬೀಳುತ್ತದೆ, ತಾಯಿ ಮತ್ತೆ ಆಂಬುಲೆನ್ಸ್ ಹತ್ತುತ್ತಾಳೆ. ಬುಟಾರೊದಲ್ಲಿ ಇದನ್ನು ಅರಿತು ಆಸ್ಪತ್ರೆಯ ಬೆನ್ನಿಗೇ ವೈದ್ಯರಿಗೆ ಒಳ್ಳೆಯ ಮನೆಗಳನ್ನು ಕಟ್ಟಿದರು. ನಮ್ಮ ಗಡಿಗೆ ಅಂಟಿಕೊಂಡ ಗೂಡಲೂರಿನ ಆದಿವಾಸಿ ಆಸ್ಪತ್ರೆಯಲ್ಲಿ ಆದಿವಾಸಿ ಹೆಣ್ಣುಮಕ್ಕಳನ್ನೇ ನರ್ಸುಗಳಾಗಿ ತಯಾರು ಮಾಡಿದರು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಒಂದು ಗುಡಿಸಲಲ್ಲಿ ಸೋಲಿಗರಿಗೆ ಚಿಕಿತ್ಸೆ ಆರಂಭಿಸಿ, ಮುಂದೆ ಗಿರಿಜನ ಯುವತಿಯರಿಗೇ ಆರೋಗ್ಯ ಸಹಾಯಕಿಯರ ತರಬೇತಿ ಕೊಡುವ ಮಟ್ಟಕ್ಕೆ ಅದನ್ನು ಬೆಳೆಸಿದರು. ಹೊರಗಿಂದ ಬಂದ ತಜ್ಞರು ವರ್ಗವಾಗಿ ಹೋಗಬಹುದು. ಊರಿನ ಹುಡುಗಿ ನರ್ಸ್ ಆದರೆ, ರೋಗಿಯ ಭಾಷೆ ಬಲ್ಲವರೊಬ್ಬರು ರಾತ್ರಿ ಪಾಳಿಯಲ್ಲಿ ಇದ್ದೇ ಇರುತ್ತಾರೆ. ಆಸ್ಪತ್ರೆಗೆ ಜಾಗ ಗುರುತಿಸುವ ವರ್ಷವೇ ಸುತ್ತಲ ಹಳ್ಳಿಗಳ ಹತ್ತಿಪ್ಪತ್ತು ಹೆಣ್ಣುಮಕ್ಕಳನ್ನು ನರ್ಸಿಂಗ್ ಓದಿಗೆ ಕಳಿಸಿದರೆ, ಕಟ್ಟಡ ಮುಗಿಯುವ ಹೊತ್ತಿಗೆ ಅವರು ಸಿದ್ಧರಾಗಿರುತ್ತಾರೆ.

ಜನರಿಗೆ ತಮ್ಮ ಆರೋಗ್ಯದ ಯೋಜನೆಯಲ್ಲಿ ಪಾಲ್ಗೊಳ್ಳುವ ಹಕ್ಕೂ ಹೊಣೆಯೂ ಇದೆ ಎಂದು 1978ರ ಆಲ್ಮಾ ಆಟಾ ಘೋಷಣೆ ಸಾರಿತ್ತು. 2005ರ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ನಮ್ಮ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳು ಬಂದಿವೆ. ಆದರೆ ಇವು ಆಸ್ಪತ್ರೆ ಇದ್ದಲ್ಲಿ ಅದನ್ನು ನೋಡಿಕೊಳ್ಳುವ ಸಮಿತಿಗಳು. ಇನ್ನೂ ಕಟ್ಟದ ಆಸ್ಪತ್ರೆಗೆ ಸಮಿತಿ ಇಲ್ಲ, ಅದು ಬೇಕಾದದ್ದು ಮಾತ್ರ ಆಗಲೇ.

ಹೊಸ ಆಸ್ಪತ್ರೆ ಮಂಜೂರಾದ ದಿನವೇ ಅಂಥ ಸಮಿತಿ ರಚನೆಯಾಗಲಿ, ಅದರಲ್ಲಿ ಅರ್ಧದಷ್ಟು ಹೆಂಗಸರಿರಲಿ. ಆಶಾ ಕಾರ್ಯಕರ್ತೆ, 108ರ ಚಾಲಕ, ಈಗಿನ ಆಸ್ಪತ್ರೆಯ ನರ್ಸ್, ಅಂಗವಿಕಲರೊಬ್ಬರು, ಕೂಲಿಯವರು ಇರಲಿ. ಟೆಂಡರು ಕರೆಯುವ ಮೊದಲು ನಕ್ಷೆ, ವರ್ಷದ ನಿರ್ವಹಣೆಯ ಖರ್ಚು, ಆ ಹಣ ಎಲ್ಲಿಂದ ಬರುತ್ತದೆ ಎಂಬ ವಿವರ ಸುತ್ತಲ ಎಲ್ಲ ಗ್ರಾಮ ಪಂಚಾಯಿತಿಗಳ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಲಿ. ಅದರ ಪಕ್ಕದಲ್ಲೇ ಹುದ್ದೆಗಳ ಪಟ್ಟಿಯೂ ಇರಲಿ: ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ವೈದ್ಯರು, ನರ್ಸುಗಳು, ಲ್ಯಾಬ್ ತಂತ್ರಜ್ಞರು, ಯಾವುದು ಮಂಜೂರಾಗಿದೆ, ಯಾವುದು ಎಂದಿಗೆ ಭರ್ತಿ. ಪಟ್ಟಿಯಲ್ಲಿ ಖಾಲಿ ಜಾಗ ಉಳಿದಿದ್ದರೆ ಗುದ್ದಲಿ ಪೂಜೆಯ ದಿನಾಂಕವನ್ನು ಮುಂದೂಡಿ ಎನ್ನುವ ಅಧಿಕಾರ ಆ ಸಮಿತಿಗೆ ಇರಬೇಕು.